ವಕೀಲಳೂ ಅಲ್ಲ, ಪೊಲೀಸೂ ಅಲ್ಲ

ನಾನು ನ್ಯಾಯಾಲಯಕ್ಕೆ ಕೊಡುವ ವರದಿ ಹೆಚ್ಚೆಂದರೆ ಒಂದು ಪುಟ. ಆರೋಪಿ ಹಿಂದಿನ ವಿಚಾರಣೆಯಿಂದ ಈಚೆಗೆ ಚಿಕಿತ್ಸೆಗೆ ಹೋಗಿದ್ದಾರೆಯೇ, ಔಷಧ ತೆಗೆದುಕೊಳ್ಳುತ್ತಿದ್ದಾರೆಯೇ, ರಾತ್ರಿ ಎಲ್ಲಿ ಮಲಗುತ್ತಿದ್ದಾರೆ, ಹೊಸ ಕೇಸೇನಾದರೂ ಬಿದ್ದಿದೆಯೇ, ಇಷ್ಟೇ ಅದರಲ್ಲಿರುವುದು. ವಾದ ಮಾಡಲು ವಕೀಲರಿದ್ದಾರೆ, ತೀರ್ಮಾನಕ್ಕೆ ನ್ಯಾಯಾಧೀಶರಿದ್ದಾರೆ. ಆದರೂ ಆ ಪುಟದಲ್ಲಿ ‘ಎರಡು ಸಲ ತಪ್ಪಿಸಿದ್ದಾರೆ’ ಎಂಬಲ್ಲಿಗೆ ನಾನು ನಿಲ್ಲಿಸಿದರೆ ಒಂದು ಪರಿಣಾಮ. ‘ಕ್ಲಿನಿಕ್ ಊರಿನ ಇನ್ನೊಂದು ತುದಿಗೆ ಸ್ಥಳಾಂತರವಾಯಿತು, ಅವರಿಗೆ ಯಾರೂ ತಿಳಿಸಿರಲಿಲ್ಲ’ ಎಂದು ಸೇರಿಸಿದರೆ ಬೇರೆಯೇ ಪರಿಣಾಮ. ಎರಡೂ ನಿಜ. ಹನ್ನೆರಡು ಗಂಟೆಗೆ ಆ ಮನುಷ್ಯ ಬಸ್ ಹತ್ತಿ ಮನೆಗೆ ಹೋಗುತ್ತಾರೋ, ಕೈಕೋಳ ಹಾಕಿಸಿಕೊಂಡು ಪಕ್ಕದ ಬಾಗಿಲಿನಿಂದ ಒಳಗೆ ಹೋಗುತ್ತಾರೋ ಎಂಬುದು ಎಷ್ಟೋ ದಿನ ಆ ಎರಡನೇ ಸಾಲಿನ ಮೇಲೆ ನಿಂತಿರುತ್ತದೆ.

ವಾಷಿಂಗ್ಟನ್ ರಾಜ್ಯದ ಒಂದು ಮಾನಸಿಕ ಆರೋಗ್ಯ ನ್ಯಾಯಾಲಯದಲ್ಲಿ ಕೇಸ್ ಮ್ಯಾನೇಜರ್ ಆಗಿದ್ದೇನೆ. ಅಮೆರಿಕದಲ್ಲಿ ಇಂಥ ನ್ಯಾಯಾಲಯಗಳ ಕಥೆ ಹಳೆಯದೇನಲ್ಲ. 1997ರಲ್ಲಿ ಫ್ಲಾರಿಡಾದ ಬ್ರೋವಾರ್ಡ್ ಕೌಂಟಿಯಲ್ಲಿ ನ್ಯಾಯಾಧೀಶೆ ಜಿಂಜರ್ ಲರ್ನರ್-ರೆನ್ ಅವರ ಮುಂದೆ ಇದು ಮೊದಲಾಯಿತು. 1999ರಲ್ಲಿ ಸಿಯಾಟಲ್ ಇರುವ ಕಿಂಗ್ ಕೌಂಟಿಗೆ ಬಂತು. ಇವತ್ತು ದೇಶದುದ್ದಕ್ಕೂ ನೂರಾರಿವೆ. ವ್ಯವಸ್ಥೆ ಸರಳ: ಸಣ್ಣಪುಟ್ಟ ಅಪರಾಧದ ಆರೋಪ ಹೊತ್ತ, ಮಾನಸಿಕ ಕಾಯಿಲೆಯಿರುವ ವ್ಯಕ್ತಿಗೆ ಒಂದು ಆಯ್ಕೆ ಕೊಡುತ್ತಾರೆ. ಒಪ್ಪಿ ಸಹಿ ಹಾಕಿದರೆ ಒಂದೆರಡು ವರ್ಷ ಚಿಕಿತ್ಸೆಯಲ್ಲಿರಬೇಕು, ಕರೆದಾಗಲೆಲ್ಲ ನ್ಯಾಯಾಧೀಶರ ಮುಂದೆ ಬರಬೇಕು, ಮಾದಕ ವಸ್ತು ಮುಟ್ಟಬಾರದು. ಪೂರೈಸಿದರೆ ಕೇಸು ವಜಾ ಆಗಬಹುದು, ಇಲ್ಲವೇ ಶಿಕ್ಷೆ ಹಗುರಾಗಬಹುದು. ಒಪ್ಪದಿದ್ದರೆ ಎಲ್ಲರಂತೆ ಮಾಮೂಲಿ ನ್ಯಾಯಾಲಯ.

ಸಣ್ಣಪುಟ್ಟ ಅಪರಾಧ ಎಂದರೆ ಏನೆಂದು ಹೇಳಬೇಕು. ಮಳೆಗೆ ಅಂಗಡಿಯ ಬಾಗಿಲಲ್ಲಿ ಮಲಗಿ, ಎದ್ದು ಹೋಗೆಂದರೂ ಹೋಗದಿದ್ದದ್ದು. ಸೂಪರ್ ಮಾರ್ಕೆಟ್ಟಿನಿಂದ ಸ್ಯಾಂಡ್‌ವಿಚ್ ಮತ್ತು ಸಾಕ್ಸ್ ಎತ್ತಿಕೊಂಡದ್ದು. ಪಕ್ಕದ ಮನೆಯವರು ಗೋಡೆಯೊಳಗಿಂದ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆಂದು ನಂಬಿ ಅವರ ಬಾಗಿಲು ಒದ್ದದ್ದು. ಬಸ್ಸಿನಲ್ಲಿ ಅಪರಿಚಿತರೊಬ್ಬರಿಗೆ ಹೊಡೆದದ್ದೂ ಇರುತ್ತದೆ. ಹೊಡೆಸಿಕೊಂಡವರಿಗೆ ಅದು ಸಣ್ಣದಲ್ಲ, ಅದನ್ನು ಮರೆತು ನಾನು ಈ ಕೆಲಸ ಮಾಡಲಾರೆ. ವಾಷಿಂಗ್ಟನ್ನಿನಲ್ಲಿ ಇವುಗಳಿಗೆ ಇರುವ ಗರಿಷ್ಠ ಶಿಕ್ಷೆ 90 ದಿನ ಅಥವಾ 364 ದಿನ. 365 ಯಾಕಲ್ಲ ಎಂಬುದಕ್ಕೆ ನಮ್ಮಂಥ ವಲಸೆಗಾರರಿಗೆ ಸಂಬಂಧಿಸಿದ ಕಾರಣವಿದೆ. ಒಂದು ವರ್ಷದ ಶಿಕ್ಷೆಯೆಂದು ದಾಖಲಾದರೆ ಎಷ್ಟೋ ಪ್ರಕರಣಗಳಲ್ಲಿ ಒಕ್ಕೂಟದ ವಲಸೆ ಕಾನೂನಿನಡಿ ಗಡೀಪಾರಿಗೆ ದಾರಿಯಾಗುತ್ತಿತ್ತು. 2011ರಲ್ಲಿ ರಾಜ್ಯದ ಶಾಸನಸಭೆ ಆ ಒಂದು ದಿನವನ್ನು ಕಳೆಯಿತು. ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಪರವಾನಗಿ, ಇರುವ ಆರೋಪಿಗಳ ಕಡತ ತೆರೆದಾಗಲೆಲ್ಲ ಆ ಒಂದು ದಿನ ನೆನಪಾಗುತ್ತದೆ.

ನಮ್ಮಲ್ಲಿಗೆ ಬರುವ ಮೊದಲೇ ಎಷ್ಟೋ ಜನ ಇನ್ನೊಂದು ಕಡೆ ಸಿಕ್ಕಿಬಿದ್ದಿರುತ್ತಾರೆ. ತನ್ನ ಮೇಲೆ ನಡೆಯುತ್ತಿರುವ ಕೇಸು ಏನೆಂದು ಅರ್ಥವಾಗದ, ವಕೀಲರೊಂದಿಗೆ ಕೂತು ಯೋಚಿಸಲಾರದ ವ್ಯಕ್ತಿಯನ್ನು ವಿಚಾರಣೆಗೆ ಒಳಪಡಿಸಬಾರದು. 1960ರ ಡಸ್ಕಿ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಗೆರೆ ಇದು. ನ್ಯಾಯವಾದ ಮಾತೇ. ಆದರೆ ವ್ಯಕ್ತಿ ಸಮರ್ಥರೋ ಅಲ್ಲವೋ ಎಂದು ಪರೀಕ್ಷಿಸಲು ತಜ್ಞರು ಬೇಕು, ಅಲ್ಲವೆಂದಾದರೆ ಚಿಕಿತ್ಸೆ ಕೊಟ್ಟು ಸಮರ್ಥರಾಗಿಸಲು ಆಸ್ಪತ್ರೆಯಲ್ಲಿ ಹಾಸಿಗೆ ಬೇಕು. ಎರಡೂ ಸಾಲದೆ ಜನ ಜೈಲಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಕಾದರು, ಹಲವರು ಒಂಟಿ ಕೋಣೆಯಲ್ಲಿ. ಟ್ರೂಬ್ಲಡ್ ಎಂದು ಕರೆಯುವ ಮೊಕದ್ದಮೆಯಲ್ಲಿ 2015ರಲ್ಲಿ ನ್ಯಾಯಾಧೀಶೆ ಮಾರ್ಷಾ ಪೆಕ್‌ಮನ್ ಇದು ಸಂವಿಧಾನಬಾಹಿರವೆಂದು ಹೇಳಿ ರಾಜ್ಯಕ್ಕೆ ದಿನಗಳ ಗಡುವು ಹಾಕಿದರು. ಮೇಲ್ಮನವಿಯ ನಂತರ ಉಳಿದ ಲೆಕ್ಕ: ಜೈಲಿನಲ್ಲಿ ನಡೆಸುವ ಪರೀಕ್ಷೆಗೆ 14 ದಿನ, ಆಸ್ಪತ್ರೆಗೆ ಸೇರಿಸಿಕೊಳ್ಳಲು 7 ದಿನ. ರಾಜ್ಯ ಪಾಲಿಸಲಿಲ್ಲ, ದಂಡದ ಮೇಲೆ ದಂಡ ಬಿತ್ತು. 2023ರಲ್ಲಿ 10 ಕೋಟಿ ಡಾಲರ್ ಕಟ್ಟುವಂತೆ ಆದೇಶವಾಯಿತು.

ಕಾಯುವುದು ಎಂಬುದಕ್ಕೆ ಕೊನೆಯೇ ಇಲ್ಲದಿದ್ದರೆ ಏನಾಗುತ್ತದೆ? ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಥಿಯಾನ್ ಜಾಕ್ಸನ್ ಎಂಬ, ಕಿವಿ ಕೇಳದ, ಮಾತು ಬಾರದ ಮನುಷ್ಯನ ಮೇಲೆ ಒಟ್ಟು 9 ಡಾಲರ್ ಬೆಲೆಯ ಎರಡು ಸುಲಿಗೆಯ ಆರೋಪವಿತ್ತು. ಸಮರ್ಥನಾಗುವವರೆಗೂ ಆಸ್ಪತ್ರೆಯಲ್ಲಿರಲಿ ಎಂದರು. ಆತ ಸಮರ್ಥನಾಗುವ ಸಂಭವವೇ ಇರಲಿಲ್ಲ, ಅಂದರೆ ಜೀವನಪರ್ಯಂತ ಬಂಧನ. 1972ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಪ್ಪೆಂದಿತು. ಈ ತೀರ್ಪನ್ನು ಓದಿದಾಗ ನನ್ನ ಮನಸ್ಸು ಹೋದದ್ದು ಅಸ್ಸಾಮಿನ ಮಚಾಂಗ್ ಲಾಲುಂಗ್ ಕಡೆಗೆ. 1951ರಲ್ಲಿ ಬಂಧನವಾದಾಗ ಅವರಿಗೆ 23 ವರ್ಷ. ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1967ರಲ್ಲಿ ವೈದ್ಯರು ಈತ ಗುಣವಾಗಿದ್ದಾನೆಂದು ಬರೆದುಕೊಟ್ಟರು. ಬಿಡುವ ಬದಲು ಜೈಲಿಗೆ ಕಳಿಸಿದರು. ಹೊರಬಂದದ್ದು 2005ರಲ್ಲಿ, ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ, 77ರ ವಯಸ್ಸಿನಲ್ಲಿ. ವಿಚಾರಣೆಯೇ ನಡೆಯದೆ 54 ವರ್ಷ. ಅವರ ವಿಷಯದಲ್ಲಿ ಯಾರೋ ಒಬ್ಬರು ಕ್ರೂರವಾಗಿ ನಡೆದುಕೊಂಡರೆಂದು ನನಗನ್ನಿಸುವುದಿಲ್ಲ. ಆಸ್ಪತ್ರೆ ಬರೆಯಿತು, ಜೈಲು ಫೈಲು ಮಾಡಿತು, ನ್ಯಾಯಾಲಯದ ದಿನಚರಿಯಿಂದ ಹೆಸರು ಬಿಟ್ಟುಹೋಯಿತು. ಈ ಮೂರರ ನಡುವೆ ಓಡಾಡಿ ‘ಈ ಮನುಷ್ಯನ ಕೇಸು ಏನಾಯಿತು?’ ಎಂದು ಪ್ರತಿ ತಿಂಗಳು ಕೇಳುವವರು ಇರಲಿಲ್ಲ. ಆ ಕೇಳುವವರ ಕೆಲಸವೇ ನನ್ನದು.

ಕೇಳುವುದರ ಜೊತೆಗೆ ಓಡಾಟ. ಜೈಲಿನಿಂದ ಹೊರಬರುವವರ ಕೈಯಲ್ಲಿ ಕೆಲವೇ ದಿನಗಳ ಮಾತ್ರೆ ಇರುತ್ತದೆ. ಅದು ಮುಗಿಯುವುದರೊಳಗೆ ವೈದ್ಯರ ಅಪಾಯಿಂಟ್‌ಮೆಂಟ್ ಆಗಬೇಕು. ಬಂಧನದ ಹೊತ್ತಿನಲ್ಲಿ ಗುರುತಿನ ಚೀಟಿ ಎಲ್ಲೋ ಕಳೆದಿರುತ್ತದೆ. ಅದಿಲ್ಲದೆ ಬಾಡಿಗೆ ಮನೆಗೆ ಅರ್ಜಿ ಹಾಕುವಂತಿಲ್ಲ. ಜೈಲಿನಲ್ಲಿ ಒಂದು ಪೂರ್ತಿ ಕ್ಯಾಲೆಂಡರ್ ತಿಂಗಳು ಕಳೆದರೆ ಅಂಗವೈಕಲ್ಯದ ಮಾಸಾಶನ ನಿಲ್ಲುತ್ತದೆ. ಸತತ 12 ತಿಂಗಳು ನಿಂತರೆ ಮೊದಲಿನಿಂದ ಅರ್ಜಿ ಹಾಕಬೇಕು. ಆ ಮಾಸಾಶನ 2025ರಲ್ಲಿ ಒಬ್ಬರಿಗೆ ಗರಿಷ್ಠ 967 ಡಾಲರ್ ಇತ್ತು. ಸಿಯಾಟಲ್ ಕಡೆ ಅಷ್ಟರಲ್ಲಿ ಸ್ವಂತಕ್ಕೊಂದು ಕೋಣೆ ಸಿಗುವುದೇ ಕಷ್ಟ ಎಂಬುದು ಇಲ್ಲಿರುವ ಕನ್ನಡಿಗರಿಗೆಲ್ಲ ಗೊತ್ತು. ಹಾಗಾಗಿ ಸಬ್ಸಿಡಿ ಮನೆಯ ಕಾಯುವ ಪಟ್ಟಿ, ಅಲ್ಲಿಯವರೆಗೆ ಶೆಲ್ಟರ್, ಅಂದರೆ ಮನೆಯಿಲ್ಲದವರ ತಂಗುದಾಣ. ಶೆಲ್ಟರಿನಲ್ಲಿ ಮಾತ್ರೆ ಕಳವಾಗುತ್ತದೆ, ಫೋನ್ ಕಳವಾಗುತ್ತದೆ. ಫೋನ್ ಹೋದರೆ ವಿಚಾರಣೆಯ ದಿನಾಂಕ ಬದಲಾದ ಸುದ್ದಿ ತಲುಪುವುದಿಲ್ಲ. ಸುದ್ದಿ ತಲುಪದವರು ಬರುವುದಿಲ್ಲ. ಬರದಿದ್ದರೆ ವಾರಂಟ್.

ತಿಂಗಳಿಗೊಂದು ಚುಚ್ಚುಮದ್ದು, ಮೂರು ತಿಂಗಳಿಗೊಂದು ಚುಚ್ಚುಮದ್ದು ಎಂಬ ಔಷಧಗಳು ಬಂದ ಮೇಲೆ ಎಷ್ಟೋ ಜನರಿಗೆ ದಿನದಿನದ ಮಾತ್ರೆಯ ಗೋಜು ತಪ್ಪಿದೆ. ಅದರಿಂದ ಮೈ ಭಾರವಾಗುತ್ತದೆ, ಕಾಲು ನಿಂತಲ್ಲಿ ನಿಲ್ಲುವುದಿಲ್ಲ ಎಂದು ಬೇಡವೆನ್ನುವವರೂ ಇದ್ದಾರೆ. ಕ್ಲೋಜಪಿನ್ ಬೇರೇನೂ ಒಗ್ಗದವರಿಗೆ ಜೀವ ಕೊಡುವ ಔಷಧ, ಆದರೆ ಮೊದಲ ಆರು ತಿಂಗಳು ವಾರವಾರವೂ ರಕ್ತಪರೀಕ್ಷೆ ಮಾಡಿಸುವ ಪದ್ಧತಿ. ವಿಳಾಸವಿಲ್ಲದ ಮನುಷ್ಯನಿಗೆ ವಾರವಾರದ ರಕ್ತಪರೀಕ್ಷೆ ಎಂದರೆ ಎಷ್ಟು ಬಸ್ಸು, ಎಷ್ಟು ಕಾಯುವಿಕೆ ಎಂಬುದನ್ನು ನ್ಯಾಯಾಲಯಕ್ಕೆ ತಿಳಿಸಿ ಹೇಳುವುದೂ ನನ್ನ ಪಾಲಿಗೆ ಬರುತ್ತದೆ. ಔಷಧ ಬೇಡವೆಂದವರನ್ನು ‘ಸಹಕರಿಸುತ್ತಿಲ್ಲ’ ಎಂದು ಒಂದೇ ಪದದಲ್ಲಿ ಬರೆದು ಮುಗಿಸುವುದು ಸುಲಭ. ನಾನು ಆ ಪದ ಬಳಸುವುದಿಲ್ಲ. ಏನು ಬೇಡವೆಂದರು, ಯಾಕೆ ಬೇಡವೆಂದರು, ಬದಲಿಗೆ ಏನು ಒಪ್ಪಿದರು ಎಂದು ಬರೆಯುತ್ತೇನೆ. ಪುಟ ಉದ್ದವಾಗುತ್ತದೆ. ಆಗಲಿ.

ಇಷ್ಟೆಲ್ಲ ನೆರವಿನ ನಡುವೆ ಒಂದು ಮುಳ್ಳಿದೆ, ಅದನ್ನು ಮುಚ್ಚಿಟ್ಟು ಈ ಕೆಲಸದ ಬಗ್ಗೆ ಬರೆಯುವುದು ಸರಿಯಲ್ಲ. ಬಸ್ ಕಾರ್ಡ್ ಕೊಡಿಸುವವಳೂ ನಾನೇ, ಅವರು ಗೈರುಹಾಜರಾದದ್ದನ್ನು ನ್ಯಾಯಾಧೀಶರಿಗೆ ತಿಳಿಸುವವಳೂ ನಾನೇ. ವಕೀಲರಾದರೆ ಕಕ್ಷಿದಾರರ ಗುಟ್ಟು ಕಾಯುತ್ತಾರೆ. ಪೊಲೀಸರಾದರೆ ಅವರಿಂದ ಯಾರೂ ಗುಟ್ಟನ್ನು ನಿರೀಕ್ಷಿಸುವುದಿಲ್ಲ. ನಾನು ಎರಡೂ ಅಲ್ಲ. ಹಾಗಾಗಿ ಮೊದಲ ಭೇಟಿಯಲ್ಲೇ, ಕಾಗದಪತ್ರಕ್ಕೂ ಮುಂಚೆ, ಹೇಳಿಬಿಡುತ್ತೇನೆ: ಯಾರನ್ನಾದರೂ ಘಾಸಿ ಮಾಡುವ ಯೋಚನೆ ಬಂದಿದೆಯೆಂದರೆ ಅದನ್ನು ನಾನು ಇಟ್ಟುಕೊಳ್ಳಲಾರೆ, ಮತ್ತೆ ಕುಡಿದೆ ಎಂದು ಹೇಳಿದರೆ ಅದು ವರದಿಗೆ ಹೋಗುತ್ತದೆ, ಆದರೆ ನೀವೇ ಬಂದು ಹೇಳಿದಿರಿ ಎಂಬುದೂ ಹೋಗುತ್ತದೆ, ಕೇಸಿನ ದಿನ ಏನು ನಡೆಯಿತೆಂದು ನನಗೆ ಹೇಳಬೇಡಿ, ಅದನ್ನು ನಿಮ್ಮ ವಕೀಲರಿಗೆ ಹೇಳಿ. ಈ ಮಾತು ಕೇಳಿ ಕೆಲವರು ಅಂದು ಮತ್ತೇನೂ ಮಾತಾಡದೆ ಎದ್ದುಹೋಗುತ್ತಾರೆ. ಸಂಬಂಧ ಕುದುರಿದ ಮೇಲೆ ನಿಧಾನವಾಗಿ ಹೇಳಬಹುದಲ್ಲ ಎಂದು ಸಹೋದ್ಯೋಗಿಗಳು ಸಲಹೆ ಕೊಟ್ಟದ್ದುಂಟು. ಯಾರೋ ತನ್ನನ್ನು ಗುಟ್ಟಾಗಿ ಗಮನಿಸುತ್ತಿದ್ದಾರೆ ಎಂಬ ಭಯವೇ ಕಾಯಿಲೆಯ ತಿರುಳಾಗಿರುವ ಮನುಷ್ಯನೊಂದಿಗೆ, ನಾನು ನಿಜಕ್ಕೂ ಗಮನಿಸಿ ಬರೆಯುತ್ತಿದ್ದೇನೆ ಎಂಬುದನ್ನು ತಡಮಾಡಿ ಹೇಳುವುದು ನನ್ನಿಂದಾಗದು.

ಕೆಲವು ವಿವರ ಬದಲಿಸಿ ಒಂದು ಸಂಗತಿ ಹೇಳುತ್ತೇನೆ. ಓದಲು ಬಂದು, ಕೆಲಸಕ್ಕೆ ಸೇರಿ, ಮೂವತ್ತರ ಆಸುಪಾಸಿನಲ್ಲಿ ಕಾಯಿಲೆ ಬಿದ್ದ ಕನ್ನಡದ ಹುಡುಗನೊಬ್ಬನ ಕೇಸು ನಮ್ಮಲ್ಲಿಗೆ ಬಂತು. ಕೆಲಸ ಹೋಗಿತ್ತು, ಕೆಲಸದ ಜೊತೆ ವೀಸಾದ ಗಡಿಯಾರವೂ ಓಡುತ್ತಿತ್ತು. ನಾನು ಕನ್ನಡದವಳೆಂದು ಹೇಗೋ ತಿಳಿದು ಒಂದು ಬೆಳಗ್ಗೆ ಊರಿನಿಂದ ಅವನ ತಾಯಿ ಫೋನ್ ಮಾಡಿದರು.

“ಮೇಡಂ, ನೀವೂ ನಮ್ಮ ಕಡೆಯವರೇ ಅಂತ ಗೊತ್ತಾಯ್ತು. ನನ್ನ ಮಗ ನಿಮ್ಮ ಹತ್ರ ಬರ್ತಿದಾನಂತೆ.”

“ಅಮ್ಮ, ಯಾರು ಬರ್ತಾರೆ, ಯಾರು ಬರಲ್ಲ ಅಂತ ನಾನು ಹೇಳೋ ಹಾಗಿಲ್ಲ. ಅವರು ಬರೆದು ಒಪ್ಪಿಗೆ ಕೊಟ್ರೆ ಮಾತ್ರ ಹೇಳಬಹುದು.”

“ಕಾನೂನು ನಂಗೇನೂ ಬೇಡಮ್ಮ. ಹೊಟ್ಟೆಗೆ ಸರಿಯಾಗಿ ತಿಂತಿದಾನಾ, ಅಷ್ಟು ಹೇಳು ಸಾಕು.”

ಮೇಡಂ ಹೋಗಿ ಅಮ್ಮ ಆಗಿತ್ತು, ನೀವು ಹೋಗಿ ನೀನು ಆಗಿತ್ತು. ಹಿಂದಿನ ದಿನವಷ್ಟೇ ಅವನು ನನ್ನೆದುರು ಕೂತು ಒಂದು ಪೂರ್ತಿ ಬರಿಟೋ ತಿಂದಿದ್ದ. ಅದನ್ನು ಹೇಳಲಿಲ್ಲ. ನ್ಯಾಯಾಲಯದ ವಿಚಾರಣೆಯ ಪಟ್ಟಿ ಸಾರ್ವಜನಿಕ, ಯಾರು ಬೇಕಾದರೂ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು ಎಂದು ತಿಳಿಸಿ, ಹೇಗೆ ನೋಡುವುದೆಂದು ಒಂದೊಂದಾಗಿ ಹೇಳಿಕೊಟ್ಟೆ. ನೀವು ಫೋನಿನಲ್ಲಿ ಹೇಳುವುದನ್ನೆಲ್ಲ ಕೇಳಿಸಿಕೊಳ್ಳಲು ನನಗೆ ಅಡ್ಡಿಯಿಲ್ಲ ಎಂದೂ ಹೇಳಿದೆ. ಅವರು ಬಹಳ ಹೊತ್ತು ಹೇಳಿದರು. ಪಿಯುಸಿಯಲ್ಲಿ ಒಮ್ಮೆ ಹೀಗೇ ನಿದ್ದೆ ಬಿಟ್ಟು ಕೂತಿದ್ದ, ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆವು, ಅವನ ಸೋದರಮಾವನಿಗೂ ಹೀಗಿತ್ತು, ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮುಂದೆ ಅವನ ಒಪ್ಪಿಗೆಯೊಂದಿಗೆ ಇದು ವೈದ್ಯರಿಗೆ ತಲುಪಿತು. ಅದುವರೆಗೆ ಅವರ ಕಡತದಲ್ಲಿ ‘ಕುಟುಂಬದಲ್ಲಿ ಯಾರಿಗೂ ಇಲ್ಲ’ ಎಂದೇ ಇತ್ತು.

ಒಪ್ಪಿಗೆ ಪತ್ರಕ್ಕೆ ಅವನು ಸಹಿ ಹಾಕಿದ್ದು ಕೆಲವು ವಾರಗಳ ಮೇಲೆ. ಅದರಲ್ಲೂ ಷರತ್ತು ಬರೆದ: ಅಮ್ಮನಿಗೆ ಮಾತ್ರ, ಅಪ್ಪನಿಗೆ ಬೇಡ, ಊಟ, ಮನೆ, ವಿಚಾರಣೆಯ ದಿನಾಂಕ ಹೇಳಬಹುದು, ಔಷಧದ ವಿಷಯ ಬೇಡ. ಆ ಗೆರೆಗಳನ್ನು ಅವನೇ ಎಳೆದ ಎಂಬುದು ನನಗೆ ತುಂಬ ಮುಖ್ಯವಾಗಿ ಕಂಡಿತು. ಬಂಧನವಾದಂದಿನಿಂದ ಅವನ ಬಗ್ಗೆ ಎಲ್ಲವನ್ನೂ ಬೇರೆಯವರೇ ನಿರ್ಧರಿಸುತ್ತ ಬಂದಿದ್ದರು.

ನಾನು ಮನೋವೈದ್ಯಕೀಯ ಸಮಾಜಕಾರ್ಯ ಕಲಿತದ್ದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಅಲ್ಲಿ ರೋಗಿಯ ಜೊತೆಗೆ ಮನೆಯವರೊಬ್ಬರು ಇರುವುದು ವಾಡಿಕೆ. ಸ್ಟೀಲ್ ಡಬ್ಬಿಯಲ್ಲಿ ಅನ್ನ ತಂದು, ಮಂಚದ ಪಕ್ಕ ಚಾಪೆ ಹಾಕಿ, ಅಪ್ಪನೋ ಅಕ್ಕನೋ ಹೆಂಡತಿಯೋ ಇದ್ದೇ ಇರುತ್ತಿದ್ದರು. ರೋಗಿಯ ಬಗ್ಗೆ ನಮಗೆ ಗೊತ್ತಾಗುತ್ತಿದ್ದದ್ದರಲ್ಲಿ ಅರ್ಧ ಅವರಿಂದಲೇ. ಆ ಜೊತೆಗಾರಿಕೆಯಲ್ಲಿ ದಬ್ಬಾಳಿಕೆಯೂ ಇತ್ತು. ರೋಗಿಯ ಮಾತನ್ನು ಅರ್ಧಕ್ಕೆ ತಡೆದು ತಾವೇ ಉತ್ತರಿಸುವ ಅಣ್ಣಂದಿರನ್ನು ಎಷ್ಟೋ ನೋಡಿದ್ದೇನೆ. ಇಲ್ಲಿಗೆ ಬಂದ ಮೇಲೆ ಮಂಚದ ಪಕ್ಕದ ಚಾಪೆಯೇ ಇಲ್ಲ. ನಮ್ಮ ಆರೋಪಿಗಳಲ್ಲಿ ಹಲವರಿಗೆ ತುರ್ತು ಸಂಪರ್ಕದ ಜಾಗದಲ್ಲಿ ಬರೆಯಲು ಒಂದು ಹೆಸರಿಲ್ಲ. ಕೆಲವರು ನನ್ನ ಹೆಸರು ಬರೆಯಬಹುದೇ ಎಂದು ಕೇಳುತ್ತಾರೆ. ನಿಯಮದ ಪ್ರಕಾರ ಬರೆಯುವಂತಿಲ್ಲ. ಬೇರೆ ಹೆಸರು ಸಿಗುವವರೆಗೆ ನಾವಿಬ್ಬರೂ ಕೂತು ಹುಡುಕುತ್ತೇವೆ: ಹಳೆಯ ಶೆಲ್ಟರಿನ ಅಡುಗೆಯವರು, ಚರ್ಚಿನ ಒಬ್ಬರು, ದೂರದ ರಾಜ್ಯದಲ್ಲಿರುವ ಅಕ್ಕ.

ಭಾರತದಲ್ಲಿ ಕಾನೂನಿಗೆ ಕೊರತೆಯಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಕಲಮಿನ ಪ್ರಕಾರ ಪ್ರತಿ ರಾಜ್ಯದಲ್ಲೂ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸಾ ಘಟಕ ಇರಬೇಕು, ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಪುನರ್ವಿಮರ್ಶಾ ಮಂಡಳಿಗೆ ವರದಿ ಕೊಡಬೇಕು. 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪವಿಲ್ಲದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಕಳೆದಿದ್ದರೆ, ಮೊದಲ ಸಲದ ಆರೋಪಿಯಾದರೆ ಮೂರನೇ ಒಂದು ಭಾಗ ಕಳೆದಿದ್ದರೆ, ಬಿಡುಗಡೆಗೆ ಅವಕಾಶ ಕೊಡುತ್ತದೆ. ಆದರೆ ತನಗೆ ಎಷ್ಟು ದಿನವಾಯಿತೆಂದು ಲೆಕ್ಕವಿಡಲಾಗದ, ವಕೀಲರ ಹೆಸರೂ ನೆನಪಿಲ್ಲದ ಮನುಷ್ಯನ ಪರವಾಗಿ ಬೆನ್ನುಹತ್ತುವವರು ಯಾರು? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರಿದ್ದಾರೆ, ಪ್ಯಾರಾ ಲೀಗಲ್ ಸ್ವಯಂಸೇವಕರಿದ್ದಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಸಮಾಜಕಾರ್ಯಕರ್ತರ ಹುದ್ದೆಯಿದೆ. ಹೊಸ ಕಟ್ಟಡ ಬೇಡ, ಹೊಸ ನ್ಯಾಯಾಲಯವೂ ಬೇಡ. ಈ ಎರಡು ಕಚೇರಿಗಳ ನಡುವೆ, ಜೈಲಿನ ಪಟ್ಟಿ ಹಿಡಿದುಕೊಂಡು, ಓಡಾಡುವುದೇ ಕೆಲಸವಾಗಿರುವ ಒಬ್ಬರನ್ನು ಜಿಲ್ಲೆಗೊಬ್ಬರಂತೆ ನೇಮಿಸಿದರೆ ಏನಾಗಬಹುದೆಂದು ನಾನು ಊಹಿಸಬಲ್ಲೆ, ಯಾಕೆಂದರೆ ಇಲ್ಲಿ ಅದು ಆಗುವುದನ್ನು ನೋಡುತ್ತಿದ್ದೇನೆ.

ಇಲ್ಲಿನದನ್ನು ಹಾಗೇ ಎತ್ತಿ ಅಲ್ಲಿ ಇಡಿ ಎನ್ನುತ್ತಿಲ್ಲ. ಅಮೆರಿಕದ ನಾಲ್ಕು ಊರುಗಳ ಇಂಥ ನ್ಯಾಯಾಲಯಗಳನ್ನು ಹೋಲಿಸಿ ನೋಡಿದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಲ್ಲಿ ಸೇರಿದವರ ಮರುಬಂಧನ ಕಡಿಮೆಯಾದದ್ದು ಕಂಡಿತು. ಅದನ್ನು ನಂಬುತ್ತೇನೆ, ಕಣ್ಣಾರೆಯೂ ಕಂಡಿದ್ದೇನೆ. ಆದರೂ ಜೈಲಿನ ಬಾಗಿಲಿನ ಮೂಲಕ ಬಂದರೆ ಬೇಗ ಸಿಗುವ ಮನೆ, ಬೇಗ ಸಿಗುವ ವೈದ್ಯರು, ಬೀದಿಯಲ್ಲಿ ಯಾರ ತಂಟೆಗೂ ಹೋಗದೆ ನರಳುತ್ತಿರುವವರಿಗೆ ಯಾಕೆ ಸಿಗುವುದಿಲ್ಲ? ಮಗನ ಮೇಲೆ ದೂರು ಕೊಟ್ಟರೆ ಚಿಕಿತ್ಸೆ ಸಿಗುತ್ತದಂತೆ ಹೌದೇ ಎಂದು ತಾಯಂದಿರು ಕೇಳುತ್ತಾರೆ. ಬೇಡ ಎನ್ನುತ್ತೇನೆ. 2022ರಿಂದ ಇರುವ 988 ಎಂಬ ಮಾನಸಿಕ ಬಿಕ್ಕಟ್ಟಿನ ಸಹಾಯವಾಣಿಯ ಸಂಖ್ಯೆ ಕೊಡುತ್ತೇನೆ, ಇರುವಲ್ಲಿಗೇ ಬಂದು ನೆರವಾಗುವ ತಂಡಗಳ ಸಂಖ್ಯೆ ಕೊಡುತ್ತೇನೆ. ಪೊಲೀಸ್ ದಾಖಲೆ ಒಮ್ಮೆ ಆದರೆ ಬಾಡಿಗೆ ಅರ್ಜಿಯಲ್ಲಿ, ಕೆಲಸದ ಅರ್ಜಿಯಲ್ಲಿ, ವೀಸಾ ಕಚೇರಿಯಲ್ಲಿ ಅದು ಎದುರಾಗುತ್ತಲೇ ಇರುತ್ತದೆ. ಕೇಸು ವಜಾ ಆಯಿತೆಂಬುದನ್ನು ಓದುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಕಾಯಿಲೆಯವರು ಒಮ್ಮೆಯೂ ನಮ್ಮ ನ್ಯಾಯಾಲಯಕ್ಕೆ ಬರಬೇಕಾಗದಂತೆ ಚಿಕಿತ್ಸೆ ಸಿಗಬೇಕು ಎಂಬುದು, ಈ ನ್ಯಾಯಾಲಯದ ಸಂಬಳ ತಿನ್ನುವ ನನ್ನ ಗಟ್ಟಿ ಅಭಿಪ್ರಾಯ.

ಈಗ ವರದಿ ಸಲ್ಲಿಸುವ ಮೊದಲು ಅದನ್ನು ಆರೋಪಿಗೇ ಓದಿ ಹೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಒಪ್ಪಿಗೆಯಾಗದ್ದನ್ನು ಅಳಿಸುವುದಿಲ್ಲ, ಅವರ ಮಾತನ್ನು ಅದರ ಕೆಳಗೆ ಸೇರಿಸುತ್ತೇನೆ. ಕೆಲವರು ಕೇಳಿ ತಲೆಯಾಡಿಸಿ ಹೋಗುತ್ತಾರೆ. ಕೆಲವರು ಪ್ರತಿ ಸಾಲಿಗೂ ಜಗಳವಾಡುತ್ತಾರೆ, ಅದಕ್ಕೆಂದೇ ಸಮಯ ಇಟ್ಟುಕೊಳ್ಳುತ್ತೇನೆ. ಹಿಂದಿನ ವಾರ ನಡುವಯಸ್ಸಿನ ಮಹಿಳೆಯೊಬ್ಬರು ತಮ್ಮ ವರದಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಓದಿದರು. ‘ಒಂದು ಗುಂಪು ಸಭೆಗೆ ಬಂದಿಲ್ಲ’ ಎಂಬಲ್ಲಿ ಬೆರಳಿಟ್ಟು, ಇದು ಸರಿ, ಆ ದಿನ ನನಗೆ ಯಾರ ಮುಖವನ್ನೂ ನೋಡಲು ಆಗುತ್ತಿರಲಿಲ್ಲ, ಹಾಗೆಂದೇ ಬರೆಯಿರಿ ಎಂದರು. ಬರೆದೆ. ಫಾರ್ಮಸಿ ಬದಲಾಯಿಸಿದ್ದು ನಾನೇ, ನೀವು ಮಾಡಿಸಿದಿರಿ ಎಂಬ ಹಾಗೆ ಇದೆ, ಅದನ್ನು ತಿದ್ದಿ ಎಂದರು. ತಿದ್ದಿದೆ. ವಿಚಾರಣೆಯಲ್ಲಿ ನ್ಯಾಯಾಧೀಶರು ಫಾರ್ಮಸಿ ಯಾಕೆ ಬದಲಾಯಿಸಿದಿರಿ ಎಂದು ಕೇಳಿದಾಗ ವಕೀಲರು ಬಾಯಿ ತೆರೆಯುವ ಮೊದಲೇ ಅವರು ಎದ್ದುನಿಂತು, ಹಳೆಯದರ ಪಕ್ಕ ನಾನು ಮೊದಲು ಕುಡಿಯುತ್ತಿದ್ದ ಅಂಗಡಿಯಿದೆ, ಹೊಸದಕ್ಕೆ ಎರಡು ಬಸ್ಸು ಹಿಡಿಯಬೇಕು, ಆದರೂ ಇದೇ ಇರಲಿ ಎಂದು ಉತ್ತರ ಕೊಟ್ಟರು.